ಮಾತಾಡುವ ಎತ್ತಿನ ಸಂಕ್ರಾಂತಿ ಶುಭಾಶಯ: ಮಾಡಿ ನೋಡಿದವರು ಹೇಳಿದ್ದು

ಕೇಳಿದವರು, ಮಂಡ್ಯ: ಸಂಕ್ರಾಂತಿಗೆ ಇನ್ನು ಹದಿನೈದು ದಿನ. ಕೊಂಬಿಗೆ ಬಣ್ಣ ಬಳಿದ ಎತ್ತೊಂದು “ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ” ಅನ್ನಬೇಕು. ಅಷ್ಟೇ, ಹತ್ತು ಸೆಕೆಂಡಿನ ಕಾರ್ಟೂನ್. ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಲು. ಚಿತ್ರ ಸುಮಾರಾಗಿ ಬಿಡಿಸುತ್ತೇನೆ, ಅನಿಮೇಷನ್ ಏನೂ ಗೊತ್ತಿಲ್ಲ. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳುವ ಆಸೆಯೂ ಇಲ್ಲ. ಮಾಡಿದವರಿದ್ದರೆ ಹೇಳಿ, ಬಾಯಿ ಅಲ್ಲಾಡಿಸುವುದು ಹೇಗೆ?

ಮೈಸೂರಿನಿಂದ: ಮೊದಲು ದನಿ, ಆಮೇಲೆ ಚಿತ್ರ. ನಾನು ಹೋದ ಯುಗಾದಿಗೆ ಉಲ್ಟಾ ಮಾಡಿದೆ. ಗಿಳಿಯ ಬಾಯಿ ಅಲ್ಲಾಡಿಸಿ ಮುಗಿಸಿ, ನಂತರ ಅದಕ್ಕೆ ಸರಿಯಾಗಿ ಮಾತಾಡಲು ಹೋದೆ. ರಾತ್ರಿ ಒಂದು ಗಂಟೆಯಾದರೂ ಹೊಂದಲಿಲ್ಲ. ಫ್ಯಾನ್ ಆಫ್ ಮಾಡಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದರ ಮುಂದೆ ನಿಂತು ಫೋನಿನಲ್ಲೇ ರೆಕಾರ್ಡ್ ಮಾಡಿ. ಗೋಡೆಯ ಗುಂಯ್ ಸದ್ದು ಬರುವುದಿಲ್ಲ.

ಇನ್ನು ಲೆಕ್ಕ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ ಒಂದರ ಹಿಂದೊಂದು ಬರುವ 24 ಬಿಡಿ ಚಿತ್ರ. ಕಾರ್ಟೂನಿನವರು ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿ 12 ಚಿತ್ರದಲ್ಲೇ ಸುಧಾರಿಸುತ್ತಾರೆ. ನಮಗೂ ಅಷ್ಟು ಸಾಕು. ನಿಮ್ಮ ವಾಕ್ಯ ಹೇಳಲು ಮೂರು ಸೆಕೆಂಡ್ ಹಿಡಿದರೆ 36 ಚಿತ್ರ. ಹೆದರಬೇಡಿ, ಎತ್ತು ಒಂದೇ, ಬಾಯಿ ಮಾತ್ರ ಬದಲು. ಅದೂ ನಾಲ್ಕೇ ಬಾಯಿ: ಮುಚ್ಚಿದ್ದು, ಪೂರ್ತಿ ತೆರೆದದ್ದು, ಅಗಲ ಮಾಡಿದ್ದು, ದುಂಡಗಿನದು.

ಈಗ ಕನ್ನಡಿ ಮುಂದೆ ನಿಂತು ನಿಧಾನವಾಗಿ ಹೇಳಿ ನೋಡಿ. “ಎ” ಅಗಲ. “ಳ್ಳು” ದುಂಡು. “ಬೆ” ಅನ್ನುವಾಗ ತುಟಿ ಮುಚ್ಚಿ ತೆರೆಯುತ್ತದೆ. “ತಿಂ” ಅಗಲ, “ದು” ದುಂಡು, “ಒ” ಮತ್ತೆ ದುಂಡು, “ಳ್ಳೆ” ಅಗಲ. “ಮಾ” ಬಂದಾಗ ಮುಚ್ಚಿ, ಆಮೇಲೆ ದೊಡ್ಡದಾಗಿ ತೆರೆಯುತ್ತದೆ. ಇಡೀ ವಾಕ್ಯದಲ್ಲಿ ತುಟಿಗೆ ತುಟಿ ಸೇರುವುದು ಎರಡೇ ಸಲ, “ಬೆ”ಗೆ ಮತ್ತು “ಮಾ”ಗೆ. ಆ ಎರಡು ಜಾಗ ಸರಿಯಿದ್ದರೆ ಉಳಿದದ್ದನ್ನು ಯಾರೂ ಗಮನಿಸುವುದಿಲ್ಲ. ಅಲ್ಲಿ ತಪ್ಪಿದರೆ ಮಾತ್ರ ಡಬ್ಬಿಂಗ್ ಸಿನಿಮಾ ನೋಡಿದ ಹಾಗೆ. ಮುಚ್ಚಿದ ಬಾಯಿಯನ್ನು ಸದ್ದಿಗಿಂತ ಒಂದು ಚಿತ್ರ ಮುಂಚೆಯೇ ಇಡಿ, ಕಣ್ಣಿಗೆ ಅದೇ ಸರಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ಮಾಡುವುದಾದರೆ ಪೆನ್ಸಿಲ್2ಡಿ ಅನ್ನುವ ಅನಿಮೇಷನ್ ಸಾಫ್ಟ್‌ವೇರ್ ಪುಕ್ಕಟೆ, ಕಲಿಯುವುದೂ ಸುಲಭ.

ಶಿವಮೊಗ್ಗದಿಂದ: ಕಂಪ್ಯೂಟರ್ ಬೇಡ ಅಂದರೆ ರಟ್ಟಿನ ಎತ್ತು ಮಾಡಿ. ನಾವು ದೀಪಾವಳಿಗೆ ಮದುವೆ ಪತ್ರಿಕೆಯ ರಟ್ಟು ಕತ್ತರಿಸಿ ಗೂಬೆ ಮಾಡಿದ್ದೆವು. ಬಾಯಿಗಳನ್ನು ಬೇರೆ ಬೇರೆ ಕತ್ತರಿಸಿಕೊಂಡು ಒಂದೊಂದಾಗಿ ಇಟ್ಟು ಫೋಟೊ ತೆಗೆಯುವುದು. ಎರಡು ಕಡೆ ಪುಸ್ತಕ ಪೇರಿಸಿ ಮೇಲೆ ಫೋನ್ ಮಲಗಿಸಿದರೆ ಆಯಿತು. ಸ್ಟಾಪ್ ಮೋಷನ್ ಸ್ಟುಡಿಯೊದಂಥ ಆ್ಯಪ್ ಫೋಟೊಗಳನ್ನು ಜೋಡಿಸಿಕೊಡುತ್ತದೆ. ಕಿಟಕಿ ಪರದೆ ಮಾತ್ರ ಪೂರ್ತಿ ಎಳೆಯಿರಿ. ಮೋಡ ಬಂದು ಹೋದಾಗಲೆಲ್ಲ ನಮ್ಮ ಗೂಬೆಗೆ ಮಿಂಚು ಹೊಡೆದಂತಾಗಿತ್ತು! ಒಂದು ಫೋಟೊದಲ್ಲಿ ಮಗನ ಹೆಬ್ಬೆರಳೂ ಬಂದಿದೆ. ಅದನ್ನು ತೆಗೆಯಲಿಲ್ಲ.

ನ್ಯೂಜೆರ್ಸಿಯಿಂದ: ಇಷ್ಟಕ್ಕೂ ಪುರುಸೊತ್ತಿಲ್ಲದವರಿಗೆ, ಅಡೋಬ್ ಎಕ್ಸ್‌ಪ್ರೆಸ್ ಅನ್ನುವ ಆ್ಯಪ್‌ನಲ್ಲಿ ದನಿ ಕೊಟ್ಟರೆ ಗೊಂಬೆ ತಾನೇ ಬಾಯಿ ಅಲ್ಲಾಡಿಸುವ ಸೌಲಭ್ಯ ಇದೆ. ಗೊಂಬೆ ಅವರ ಪಟ್ಟಿಯಿಂದಲೇ ಆರಿಸಬೇಕು. ನಿಮ್ಮದೇ ಎತ್ತು ಬೇಕಾದರೆ ಮೇಲಿನವರು ಹೇಳಿದ ದಾರಿಯೇ.

ಬೆಂಗಳೂರಿನಿಂದ: ಕೊನೆಯಲ್ಲಿ “ಸಂಕ್ರಾಂತಿ ಶುಭಾಶಯಗಳು” ಅಂತ ಬರೆಯುತ್ತೀರಲ್ವಾ? ಹುಷಾರು. ಕೆಲವು ವಿಡಿಯೊ ಆ್ಯಪ್‌ಗಳಲ್ಲಿ ಕನ್ನಡದ ಒತ್ತಕ್ಷರ ಕಳಚಿಕೊಳ್ಳುತ್ತದೆ. ಎಳ್ಳು ಹೋಗಿ ಎಳ್‌ಳು ಆಗುತ್ತದೆ. ನನ್ನ ಒಂದು ವಿಡಿಯೊ ಹಾಗೇ ಹೋಗಿ, ಅತ್ತೆ ಫೋನ್ ಮಾಡಿ “ಕನ್ನಡ ಮರೆತೋಯ್ತೇನಮ್ಮಾ” ಅಂದರು. ಅಂದಿನಿಂದ ಅಕ್ಷರವನ್ನು ಕೈಯಲ್ಲೇ ಬರೆದು ಫೋಟೊ ತೆಗೆದು ಅಂಟಿಸುತ್ತೇನೆ. ಇನ್ನೊಂದು, ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಹಾಕಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಹಾಕಿದರೆ ಇದ್ದ ಹಾಗೇ ಹೋಗುತ್ತದೆ.

ಹುಬ್ಬಳ್ಳಿಯಿಂದ: ಎಲ್ಲರೂ ಬಾಯಿ ಬಾಯಿ ಅನ್ನುತ್ತಿದ್ದೀರಿ. ತೊಗಲುಗೊಂಬೆ ಆಟ ನೋಡಿದ್ದೀರಾ? ಯಾವ ಗೊಂಬೆ ಮಾತಾಡುತ್ತದೋ ಅದು ಅಲ್ಲಾಡುತ್ತದೆ, ಕೈ ಎತ್ತುತ್ತದೆ. ಇನ್ನೊಂದು ಸುಮ್ನೆ ನಿಂತಿರುತ್ತದೆ. ಅಷ್ಟರಲ್ಲೇ ಯಾರ ಮಾತು ಅಂತ ಗೊತ್ತಾಗುತ್ತದೆ. ನಿಮ್ಮ ಎತ್ತು “ಒಳ್ಳೆ” ಅನ್ನುವಾಗ ತಲೆ ಸ್ವಲ್ಪ ಕೆಳಗೆ ಹಾಕಲಿ. ಮಧ್ಯೆ ಒಂದು ಸಲ ಕಣ್ಣು ಮಿಟುಕಿಸಲಿ, ಕಿವಿ ಅಲ್ಲಾಡಲಿ. ನನ್ನ ಪ್ರಕಾರ 36 ಬಾಯಿಗಿಂತ ಆ ಒಂದು ಕಿವಿ ಜಾಸ್ತಿ ಕೆಲಸ ಮಾಡುತ್ತದೆ. ಮತ್ತೆ, ದನಿ ನಿಮ್ಮದೇ ಯಾಕೆ? ಮನೆಯಲ್ಲಿ ಹಿರಿಯರಿದ್ದರೆ ಅವರಿಂದ ಹೇಳಿಸಿ. ನಮ್ಮ ಅಜ್ಜಿ “ಎಳ್ಳು ಬೆಲ್ಲದಾಂಗ ಇರೂಣು” ಅಂದದ್ದು ರೆಕಾರ್ಡ್ ಆಗಿದೆ. ಅದಕ್ಕೆ ಬಿಡಿಸಿದ ಕುರಿ ನಾಯಿಯ ಹಾಗಿದ್ದರೂ ಎಲ್ಲರೂ ಇನ್ನೂ ಕೇಳಿ ಹಾಕಿಸಿಕೊಳ್ಳುತ್ತಾರೆ.

ಕೇಳಿದವರು, ಮಂಡ್ಯ: ಅಮ್ಮನಿಂದಲೇ ಹೇಳಿಸಿದೆ. ಬೀರುವಿನ ಮುಂದೆ ನಿಲ್ಲಲು ಒಪ್ಪಲಿಲ್ಲ, ಅಡುಗೆಮನೆಯಲ್ಲೇ ಆಯಿತು. ತುಂಬ ಚೆನ್ನಾಗಿ ಬಂದಿದೆ, ಆದರೆ “ಬೆಲ್ಲ” ಆದ ಮೇಲೆ ಹಿಂದಿನಿಂದ ಕುಕ್ಕರ್ ಕೂಗಿದೆ. ಮತ್ತೆ ಹೇಳು ಅಂದರೆ ಬೈಯುತ್ತಾರೆ. ಏನು ಮಾಡಲಿ?

ಹುಬ್ಬಳ್ಳಿಯಿಂದ: ಇರಲಿ ಬಿಡಿ. ಆಗ ಎತ್ತು ಮಾತು ನಿಲ್ಲಿಸಿ ಒಮ್ಮೆ ಆ ಕಡೆ ತಿರುಗಿ ನೋಡಲಿ.