ಕನ್ನಡದಲ್ಲಿ ಕಾನೂನು ಮಾಹಿತಿ ಪತ್ರ, ಜೊತೆಗೆ ಸಹಾಯನಿಧಿ: ವಕೀಲರ ಕಚೇರಿ ಎಲ್ಲಿಯವರೆಗೆ ಹೋಗಬಹುದು?

ಪಯಸ್ವಿನಿ ದಡ (ಪ್ರಶ್ನೆ)

ಕಾಸರಗೋಡಿನ ಒಂದು ವಕೀಲರ ಕಚೇರಿಯ ಪರವಾಗಿ ಕೇಳುತ್ತಿದ್ದೇನೆ. ಮೂವರು ವಕೀಲರಿದ್ದಾರೆ. ಕಕ್ಷಿದಾರರು ಹೆಚ್ಚಾಗಿ ಕುಂಬಳೆ, ಬದಿಯಡ್ಕ, ಎಣ್ಮಕಜೆ, ಮಂಜೇಶ್ವರ ಕಡೆಯ ಕನ್ನಡದವರು. ಹೊಸ ಕಾನೂನು, ಸುತ್ತೋಲೆಗಳ ಬಗ್ಗೆ ತಿಂಗಳಿಗೊಮ್ಮೆ ಎರಡು ಪುಟದ ಮಾಹಿತಿ ಪತ್ರ ತಂದು ಗ್ರಂಥಾಲಯಗಳಿಗೆ, ವಾಟ್ಸಾಪಿಗೆ ಕೊಡುವ ಯೋಜನೆ ಉಂಟು. ಜೂನಿನಲ್ಲಿ ಶಾಲೆ ಮಕ್ಕಳಿಗೆ ನೋಟ್‌ಬುಕ್, ಡಯಾಲಿಸಿಸ್ ರೋಗಿಗಳಿಗೆ ನೆರವು ಕೊಡುವ ಆಲೋಚನೆಯೂ ಇದೆ. ಗಲ್ಫಿನಲ್ಲಿರುವ ಊರವರು ಹಣ ಕಳಿಸಲು ಸಿದ್ಧರಿದ್ದಾರೆ. ಬಾರ್ ಕೌನ್ಸಿಲ್ ನಿಯಮಕ್ಕೆ ಇದು ಅಡ್ಡಿಯಾಗುತ್ತದೆಯೇ? ಟ್ರಸ್ಟ್ ಒಳ್ಳೆಯದೋ ಸಂಘ ಒಳ್ಳೆಯದೋ? ಪತ್ರದಲ್ಲಿ ಏನನ್ನು ಹೇಗೆ ಬರೆಯಬೇಕು?

ವಿದ್ಯಾನಗರದ ಮೆಟ್ಟಿಲು

ಮೊದಲು ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮವನ್ನು ಪೂರ್ತಿ ಓದಿ. ಪತ್ರಿಕೆಯಲ್ಲಿ ಜಾಹೀರಾತು ಹಾಕದಿದ್ದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೆಲಸ ಕೋರಬಾರದು ಎಂದೇ ಅಲ್ಲಿರುವುದು. ಸುತ್ತೋಲೆ, ವೈಯಕ್ತಿಕ ಸಂದೇಶ, ತಾನು ನಡೆಸುವ ಕೇಸಿನ ಬಗ್ಗೆ ಪತ್ರಿಕೆಗೆ ಸುದ್ದಿ ಅಥವಾ ಫೋಟೋ ಕೊಡಿಸುವುದು, ಎಲ್ಲವೂ ಅದರಲ್ಲಿ ಬರುತ್ತದೆ. ಕಚೇರಿಯ ಬೋರ್ಡಿನಲ್ಲಿ ಇಂಥ ಸಂಸ್ಥೆಗೆ ಸಂಬಂಧಪಟ್ಟವರು, ಇಂಥ ವಿಷಯದಲ್ಲಿ ಪರಿಣತರು ಎಂದು ಬರೆಯುವ ಹಾಗೂ ಇಲ್ಲ. 2008ರ ತಿದ್ದುಪಡಿಯಿಂದ ವೆಬ್‌ಸೈಟ್ ಇಟ್ಟುಕೊಳ್ಳಬಹುದು, ಆದರೆ ಹೆಸರು, ವಿಳಾಸ, ಫೋನ್, ನೋಂದಣಿ ವಿವರ, ವಿದ್ಯಾರ್ಹತೆ, ಕೆಲಸದ ಕ್ಷೇತ್ರ ಇಷ್ಟಕ್ಕೇ ಸೀಮಿತ. 2024ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟು ಆನ್‌ಲೈನ್ ತಾಣಗಳ ಮೂಲಕ ಕೇಸು ಹಿಡಿಯುವ ವಕೀಲರ ಮೇಲೆ ಕ್ರಮಕ್ಕೆ ಹೇಳಿದ ಮೇಲೆ ಈ ವಿಷಯದಲ್ಲಿ ಬಿಗಿ ಹೆಚ್ಚಾಗಿದೆ.

ಹಾಗೆಂದು ಕಾನೂನು ತಿಳಿಸುವುದು ತಪ್ಪಲ್ಲ. ಪತ್ರದಲ್ಲಿ ಪ್ರಕಾಶಕರ ಹೆಸರು ಒಂದು ಮೂಲೆಯಲ್ಲಿ ಸಣ್ಣದಾಗಿರಲಿ. ‘ಹೆಚ್ಚಿನ ಮಾಹಿತಿಗೆ ನಮ್ಮನ್ನು ಸಂಪರ್ಕಿಸಿ’ ಎಂಬ ಸಾಲು ಬೇಡವೇ ಬೇಡ. ನಿಮ್ಮ ಕಚೇರಿ ಗೆದ್ದ ಕೇಸು ಎಷ್ಟೇ ದೊಡ್ಡದಿರಲಿ, ಅದರ ವರದಿ ಹಾಕಬೇಡಿ. ವಾಟ್ಸಾಪಿನಲ್ಲಿ ಕೇಳಿದವರಿಗೆ ಮಾತ್ರ ಕಳಿಸಿ. ದೇವಸ್ಥಾನ, ಮಸೀದಿ, ಕ್ಲಬ್ಬುಗಳ ಗುಂಪಿಗೆಲ್ಲ ತುಂಬಿಸಿದರೆ ಅದು ಸುತ್ತೋಲೆಯೇ ಆಗುತ್ತದೆ.

ದಾನದ ವಿಷಯದಲ್ಲಿ ಜಾರುವುದು ಬ್ಯಾನರಿನಲ್ಲಿ. ನೋಟ್‌ಬುಕ್ಕಿನ ರಟ್ಟಿನ ಮೇಲೆ ವಕೀಲರ ಹೆಸರು, ಫೋಟೋ, ಫೋನ್ ನಂಬರ್ ಅಚ್ಚಾದರೆ ಅದನ್ನು ದಾನ ಎಂದು ಶಿಸ್ತು ಸಮಿತಿಯ ಎದುರು ವಾದಿಸುವುದು ಕಷ್ಟ. ದಾನಕ್ಕೆ ಬೇರೆಯೇ ಹೆಸರು, ಬೇರೆಯೇ ಬ್ಯಾಂಕ್ ಖಾತೆ, ಸಾಧ್ಯವಾದರೆ ಬೇರೆ ವಿಳಾಸ. ಕಕ್ಷಿದಾರರ ಹಣ ಬರುವ ಖಾತೆಗೆ ದೇಣಿಗೆಯ ಒಂದು ರೂಪಾಯಿಯೂ ಬೀಳಬಾರದು.

ಬಡವರಿಗೆ ಉಚಿತವಾಗಿ ವಾದಿಸುವುದಕ್ಕೆ ತಡೆ ಇಲ್ಲ. 46ನೇ ನಿಯಮ ಅದನ್ನು ವಕೀಲನ ದೊಡ್ಡ ಹೊಣೆಗಳಲ್ಲಿ ಒಂದು ಎಂದೇ ಹೇಳುತ್ತದೆ. ಆದರೆ ‘ಉಚಿತ ಕಾನೂನು ಶಿಬಿರ’ ಎಂದು ಕಚೇರಿಯ ಹೆಸರಿನಲ್ಲೇ ಮೈಕ್ ಕಟ್ಟುವುದಕ್ಕಿಂತ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಾಡಿ. 1987ರ ಕಾಯ್ದೆಯ ಸೆಕ್ಷನ್ 12ರಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ವರಮಾನ ಎಷ್ಟಿದ್ದರೂ ಉಚಿತ ನೆರವಿಗೆ ಅರ್ಹರು. ಪತ್ರದ ಕೊನೆಗೆ ನಿಮ್ಮ ನಂಬರಿನ ಬದಲು ಉಚಿತ ಕಾನೂನು ನೆರವಿನ ಸಹಾಯವಾಣಿ 15100 ಹಾಕಿ.

ಲೆಕ್ಕದ ಪುಸ್ತಕ

ಟ್ರಸ್ಟೋ ಸಂಘವೋ ಎಂಬುದಕ್ಕೆ ಉತ್ತರ ಹೇಳುತ್ತೇನೆ. ಕಾಸರಗೋಡು 1956ರವರೆಗೆ ಮದ್ರಾಸಿನ ದಕ್ಷಿಣ ಕನ್ನಡದಲ್ಲಿದ್ದ ಕಾರಣ ಇಲ್ಲಿ ಸಂಘಗಳಿಗೆ 1860ರ ಸೊಸೈಟಿ ನೋಂದಣಿ ಕಾಯ್ದೆ. ತಿರುವನಂತಪುರ, ಎರ್ನಾಕುಳದವರ ಮಾದರಿ ಬೈಲಾ ತಂದರೆ ಅದರಲ್ಲಿ 1955ರ ತಿರುವಾಂಕೂರು ಕೊಚ್ಚಿ ಕಾಯ್ದೆಯ ಹೆಸರಿರುತ್ತದೆ. ಕಡತ ವಾಪಸು ಬರುವುದು ಅಲ್ಲೇ. ಸಂಘಕ್ಕೆ ಕನಿಷ್ಠ ಏಳು ಜನ ಬೇಕು, ಪ್ರತಿ ವರ್ಷ ಮಹಾಸಭೆಯಾಗಿ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಇದನ್ನು ಮರೆತ ಸಂಘಗಳೇ ಹೆಚ್ಚು. ಆಮೇಲೆ ಬ್ಯಾಂಕಿನವರು ಕೆವೈಸಿ ಕೇಳಿದಾಗ ಅಧ್ಯಕ್ಷರು ಯಾರು ಎಂದು ತೋರಿಸಲು ಕಾಗದವಿರುವುದಿಲ್ಲ. ಮೂವರು ನಾಲ್ವರೇ ನಡೆಸುವುದಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಸಲೀಸು. ಟ್ರಸ್ಟ್ ಪತ್ರದಲ್ಲಿ ಎರಡು ಷರತ್ತು ಇರಲೇಬೇಕು: ಟ್ರಸ್ಟನ್ನು ರದ್ದುಮಾಡಿ ಆಸ್ತಿ ಹಿಂದಕ್ಕೆ ಪಡೆಯುವಂತಿಲ್ಲ, ಮುಚ್ಚಿದರೆ ಉಳಿದದ್ದು ಇಂಥದೇ ಇನ್ನೊಂದು ಸಂಸ್ಥೆಗೆ ಹೋಗಬೇಕು.

‘ನಮ್ಮ ಸಮುದಾಯದ ಮಕ್ಕಳಿಗೆ’ ಎಂದು ಉದ್ದೇಶದಲ್ಲಿ ಬರೆದುಬಿಟ್ಟರೆ ತೆರಿಗೆ ವಿನಾಯಿತಿಗೆ ಕುತ್ತು. ಒಂದು ಜಾತಿ, ಒಂದು ಮತಕ್ಕೆ ಸೀಮಿತವಾದ ದತ್ತಿಗೆ ಅದು ಸಿಗದು. ಪರಿಶಿಷ್ಟರು, ಹಿಂದುಳಿದವರು, ಹೆಂಗಸರು, ಮಕ್ಕಳು ಎಂದಿದ್ದರೆ ತೊಂದರೆ ಇಲ್ಲ.

ಟ್ರಸ್ಟಿನ ಆದಾಯಕ್ಕೆ ವಿನಾಯಿತಿ ಕೊಡುವ ಸೆಕ್ಷನ್ 12ಎ, ದಾನಿಗೆ ತೆರಿಗೆ ಕಡಿತ ಕೊಡುವ ಸೆಕ್ಷನ್ 80ಜಿ ಎಂದೇ ಎಲ್ಲರ ಬಾಯಲ್ಲಿರುವುದರಿಂದ ಹಾಗೇ ಬರೆಯುತ್ತೇನೆ. 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ 80ಜಿ ಕಡಿತ ಇಲ್ಲ. ರಶೀದಿಯಲ್ಲಿ ದಾನಿಯ ಪ್ಯಾನ್, ವಿಳಾಸ ಇರಲಿ. ಹೆಸರಿಲ್ಲದ ಡಬ್ಬಿ ಹಣ ಮಿತಿ ಮೀರಿದರೆ ಅದಕ್ಕೆ ಶೇ. 30 ತೆರಿಗೆ. ಇನ್ನೊಂದು: ವಕೀಲರ ಪಾಲುದಾರಿಕೆ ಕಚೇರಿ ತನ್ನ ಖರ್ಚನ್ನು ‘ಸಿಎಸ್‌ಆರ್’ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಎಂದು ಹೇಳಿಕೊಳ್ಳುವುದು ಅರ್ಥವಿಲ್ಲದ ಮಾತು. ಆ ಹೊಣೆ ಇರುವುದು ಕಂಪನಿಗಳಿಗೆ ಮಾತ್ರ.

ಗಲ್ಫ್ ಹಣದ ಬಗ್ಗೆ ಹೆದರಿಕೆ ಬೇಡ, ಅಸಡ್ಡೆಯೂ ಬೇಡ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಕಾಯ್ದೆಯಡಿ ಬರುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡಿನವರಾದರೂ, ವಿದೇಶಿ ಮೂಲವೇ. ಅಲ್ಲಿ ನೋಂದಾಯಿತ ಸಂಘದ ಖಾತೆಯಿಂದ ಬಂದರೂ ಅದೇ ಕಥೆ. ಆದ್ದರಿಂದ ಸಂಘದಲ್ಲಿ ಒಟ್ಟುಮಾಡಿ ಕಳಿಸಬೇಡಿ, ಒಬ್ಬೊಬ್ಬರೂ ಅನಿವಾಸಿಗಳಿಗೆ ಇರುವ ತಮ್ಮ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದಲೇ ಕಳಿಸಿ ಎಂದು ಮೊದಲೇ ಹೇಳಿ. ಪಾಸ್‌ಪೋರ್ಟಿನ ಪ್ರತಿ ತೆಗೆದಿಡಿ. ಟ್ರಸ್ಟ್ ಆಗುವ ಮೊದಲು ಯಾರದ್ದೋ ಸ್ವಂತ ಯುಪಿಐಗೆ ಹಣ ಹಾಕಿಸುವುದಂತೂ ಬೇಡ. ಸಂಶಯದ ಒಂದೇ ಪಾವತಿಗೆ ಖಾತೆ ತಡೆಹಿಡಿದರೆ ರೋಗಿಯ ಹಣ ಒಳಗೇ ಸಿಕ್ಕಿಬೀಳುತ್ತದೆ.

ಡಯಾಲಿಸಿಸ್ ನೆರವನ್ನು ರೋಗಿಯ ಕೈಗೆ ಕೊಡದೆ ಬಿಲ್ ನಂಬರ್ ನಮೂದಿಸಿ ಆಸ್ಪತ್ರೆಯ ಖಾತೆಗೇ ಕಟ್ಟಿ. ಅದಕ್ಕೂ ಮೊದಲು ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡು ಇದೆಯೇ, ರೋಗಿ ಹೋಗುವ ಮಂಗಳೂರಿನ ಆಸ್ಪತ್ರೆ ಅದನ್ನು ಸ್ವೀಕರಿಸುತ್ತದೆಯೇ ಎಂದು ಕೇಳಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅಲ್ಲೇ ಸಿಗುವುದಾದರೆ ನಿಮ್ಮ ಹಣ ಬಸ್ಸು, ಔಷಧಿ, ಜೊತೆಗಿರುವವರ ಊಟಕ್ಕೆ ಉಪಯೋಗವಾದೀತು.

ಗಡಿಕಲ್ಲು

ಮಾಹಿತಿ ಪತ್ರದಲ್ಲಿ ಏನು ಬರೆಯಬೇಕು ಎಂಬ ಪ್ರಶ್ನೆ ಹಾಗೇ ಉಳಿದಿದೆ. ನಮ್ಮ ಕಡೆ ಕನ್ನಡ ಓದುವವರಿಗೆ ಸುದ್ದಿ ಬರುವುದು ಮಂಗಳೂರಿನಿಂದ. ಪಹಣಿ, ಬಗರ್ ಹುಕುಂ, ಕರ್ನಾಟಕದ ಮುದ್ರಾಂಕ ಶುಲ್ಕ ಓದಿ ತಮಗೂ ಅನ್ವಯ ಎಂದುಕೊಂಡು ವಿಲೇಜ್ ಆಫೀಸಿಗೆ ಹೋಗುತ್ತಾರೆ. ಆದ್ದರಿಂದ ಪ್ರತಿ ಟಿಪ್ಪಣಿಯ ತಲೆಯಲ್ಲಿ ‘ಕೇರಳ’ ಅಥವಾ ‘ಇಡೀ ಭಾರತ’ ಎಂದು, ಜಾರಿಯಾದ ದಿನಾಂಕ, ಸರಕಾರಿ ಆದೇಶದ ಸಂಖ್ಯೆ ಕಡ್ಡಾಯ. ಈ ಮೂರಿಲ್ಲದ ಟಿಪ್ಪಣಿ ಅಚ್ಚಿಗೆ ಹೋಗಬಾರದು.

ಹೊಸ ಕ್ರಿಮಿನಲ್ ಕಾನೂನುಗಳು 2024ರ ಜುಲೈ 1ರಿಂದ ಜಾರಿಯಲ್ಲಿವೆ. ಅದಕ್ಕಿಂತ ಹಿಂದೆ ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆ ಐಪಿಸಿಯೇ. ಬರೀ ಸಂಖ್ಯೆ ಬರೆದರೆ ಓದುಗ ದಾರಿ ತಪ್ಪುತ್ತಾನೆ: ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯಲ್ಲಿ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ಎಂದರೆ ನಿರೀಕ್ಷಣಾ ಜಾಮೀನು. ಹಳೆಯ 482 ಈಗ 528. ಜೀವನಾಂಶದ 125 ಈಗ 144. ಕಾಯ್ದೆಯ ಹೆಸರು ಪ್ರತಿ ಸಲವೂ ಬರಲಿ.

ಇಲ್ಲಿನವರು ಹೆಚ್ಚು ಕೇಳುವುದು ಚೆಕ್ ವಾಪಸಿನದ್ದು. ಬ್ಯಾಂಕಿನ ಮಾಹಿತಿ ಸಿಕ್ಕ 30 ದಿನದೊಳಗೆ ಲಿಖಿತ ನೋಟೀಸು. ನೋಟೀಸು ತಲುಪಿದ ಮೇಲೆ ಹಣ ಕೊಡಲು 15 ದಿನ. ಆ ಗಡುವು ಮುಗಿದು ಒಂದು ತಿಂಗಳೊಳಗೆ ದೂರು. ಖಾತೆಗೆ ಹಾಕಿದ ಚೆಕ್ಕಾದರೆ, ಹಣ ಪಡೆಯಬೇಕಾದವರ ಖಾತೆ ಯಾವ ಶಾಖೆಯಲ್ಲಿದೆಯೋ ಆ ಊರಿನ ಕೋರ್ಟು. ತೊಕ್ಕೊಟ್ಟಿನಲ್ಲಿ ಖಾತೆ ಇಟ್ಟುಕೊಂಡ ಮಂಜೇಶ್ವರದ ವ್ಯಾಪಾರಿ ಕಾಸರಗೋಡಿನಲ್ಲಿ ದೂರು ಹಾಕಿದರೆ ಕೆಲಸ ಕೆಡುವುದು ಇಲ್ಲೇ.

ಭೂಮಿಯ ವಿಷಯ ಪ್ರತಿ ಸಂಚಿಕೆಗೂ ಇರಲಿ. ಡಿಜಿಟಲ್ ಸರ್ವೆಯ ಕರಡು ಪ್ರಕಟವಾದಾಗ ತಂಡಪ್ಪೇರು (ಕಂದಾಯ ದಾಖಲೆಯಲ್ಲಿ ಭೂಮಾಲೀಕರ ಖಾತೆ ಸಂಖ್ಯೆ), ವಿಸ್ತೀರ್ಣ, ಗಡಿ ನೋಡಿ ಆಕ್ಷೇಪ ಕೊಡಬೇಕು. ಅಂತಿಮ ಪ್ರಕಟಣೆ ಆದ ಮೇಲೆ ತಿದ್ದಿಸಲು ತಾಲೂಕು ಕಚೇರಿಗೆ ಅಲೆಯಬೇಕು. ಕರಡು ಬಂದ ಗ್ರಾಮಗಳ ಹೆಸರು ಹಾಕಿದರೆ ಉಳಿದ ಪುಟ ಖಾಲಿ ಇದ್ದರೂ ಪತ್ರ ಸಾರ್ಥಕ.

1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯೂ ಜನಕ್ಕೆ ಗೊತ್ತಿಲ್ಲ. ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಅರ್ಜಿ ಕೊಡಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಸರ್ವೆ ನಂಬರ್, ತಂಡಪ್ಪೇರ್ ನಂಬರ್ ಮೇಲೆಯೇ ಅಂಕಿಯಲ್ಲಿ ಬರೆದರೆ ಕಡತ ಹುಡುಕುವವರಿಗೆ ನೆಪ ಇರುವುದಿಲ್ಲ.

ಪಯಸ್ವಿನಿ ದಡ

ಎಲ್ಲರಿಗೂ ಧನ್ಯವಾದ. ನೋಟ್‌ಬುಕ್ ಹಂಚುವಾಗ ಫೋಟೋ ತೆಗೆಯಬಹುದೇ? ದಾನಿಗಳು ಕೇಳುತ್ತಾರೆ.

ವಿದ್ಯಾನಗರದ ಮೆಟ್ಟಿಲು

ಪುಸ್ತಕದ ಕಟ್ಟಿನ ಫೋಟೋ, ಅಂಗಡಿ ಬಿಲ್, ಮುಖ್ಯೋಪಾಧ್ಯಾಯರ ಸಹಿ ಇರುವ ಸ್ವೀಕೃತಿ ಪತ್ರ ಸಾಕು. ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಡಿ. ಎಂಡೋಸಲ್ಫಾನ್ ಸಂತ್ರಸ್ತ ಕುಟುಂಬಗಳ ಮಕ್ಕಳನ್ನಂತೂ ಬೇಡವೇ ಬೇಡ, ಎಣ್ಮಕಜೆಯಲ್ಲಿ ಕ್ಯಾಮೆರಾ ಸಾಕಷ್ಟು ಓಡಾಡಿದೆ. ಜೂನ್ ಆರಂಭಕ್ಕೆ ಶಾಲೆ ತೆರೆಯುವುದರಿಂದ ಮೇ ಮೊದಲ ವಾರವೇ ತರಗತಿವಾರು ಪಟ್ಟಿ ತರಿಸಿ. ಸಣ್ಣ ತರಗತಿಗೆ ಎರಡು ಗೆರೆ, ನಾಲ್ಕು ಗೆರೆಯ ಪುಸ್ತಕ ಎಷ್ಟೆಷ್ಟು ಎಂದು ಬೇರೆಯಾಗಿ ಕೇಳಿ. ಎಲ್ಲರಿಗೂ ಒಂದೇ ಗೆರೆಯದ್ದು ಕೊಂಡರೆ ಒಂದನೇ ಕ್ಲಾಸಿನವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.