ಅರವತ್ತು ದಾಟಿದವರ ಅಧ್ಯಯನ: ಆರು ವಿಭಾಗ, ಒಂದೇ ಬೆಳಿಗ್ಗೆ. ಯಾವ ಪರೀಕ್ಷೆ ಮೊದಲು?

ಕೆರೆಏರಿ
ಮಂಡ್ಯ ತಾಲ್ಲೂಕಿನ ನಾಲ್ಕು ಹಳ್ಳಿಗಳಲ್ಲಿ ಅರವತ್ತು ದಾಟಿದವರ ಆರೋಗ್ಯದ ಅಧ್ಯಯನ ಶುರುವಾಗಬೇಕು. ಸಮುದಾಯ ವೈದ್ಯಕೀಯ, ಫಿಸಿಯೋಥೆರಪಿ, ಪೌಷ್ಟಿಕತೆ, ಮನಶ್ಶಾಸ್ತ್ರ, ಶ್ರವಣ, ಸಮಾಜಕಾರ್ಯ, ಹೀಗೆ ಆರು ವಿಭಾಗದವರೂ ತಂತಮ್ಮ ಪಟ್ಟಿ ಕೊಟ್ಟಿದ್ದಾರೆ. ಎಲ್ಲ ಸೇರಿದರೆ ಒಬ್ಬರಿಗೆ ಮೂರೂವರೆ ಗಂಟೆ. ಜಾಗ ಸರ್ಕಾರಿ ಶಾಲೆ, ದಿನ ಭಾನುವಾರ. ಯಾವುದನ್ನು ಮೊದಲು ಮಾಡಬೇಕು? ಓದು ಬರಹ ಬಾರದವರಿಗೆ ನೆನಪಿನ ಪರೀಕ್ಷೆ ಹೇಗೆ? ವಯಸ್ಸಿಗೆ ಆಧಾರ್ ಕಾರ್ಡ್ ಸಾಕಾಗುತ್ತದೆಯೇ?

ನಾಡಿಮಿಡಿತ
ಮೂರೂವರೆ ಗಂಟೆ ಆಗದ ಮಾತು ಸರ್. ಎರಡು ದಿನಕ್ಕೆ ಒಡೆಯಿರಿ. ಮೊದಲ ದಿನ ದೇಹದ ಅಳತೆ, ಇನ್ನೊಂದು ದಿನ ಮನೆಯಲ್ಲಿ ಕೂತು ಪ್ರಶ್ನಾವಳಿ.

ಕ್ರಮ ಮುಖ್ಯ, ಏಕೆಂದರೆ ಒಂದು ವಿಭಾಗದ ಪರೀಕ್ಷೆ ಇನ್ನೊಂದರ ಅಂಕವನ್ನು ಕೆಡಿಸುತ್ತದೆ. ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯ ರಕ್ತ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ 'ರಕ್ತ ಕೊಟ್ಟ ಮೇಲೆ, ತಿಂಡಿಯ ಹೊತ್ತಿಗೇ ಔಷಧಿ' ಎಂದು ಹಿಂದಿನ ದಿನವೇ ಹೇಳಿ, ಅವರನ್ನೇ ಸಾಲಿನಲ್ಲಿ ಮುಂದೆ ನಿಲ್ಲಿಸಿ. ಮಾತ್ರೆ ನುಂಗಿ ಒಂಬತ್ತರವರೆಗೆ ಉಪವಾಸ ಕೂತರೆ ಸಕ್ಕರೆ ಇಳಿದು ಕುಸಿಯುತ್ತಾರೆ. ಗ್ಲೂಕೋಸಿನ ರಕ್ತ ಫ್ಲೋರೈಡ್ ಟ್ಯೂಬಿಗೇ ಹೋಗಬೇಕು. ಬರಿ ಟ್ಯೂಬಿನಲ್ಲಿ ಬಿಟ್ಟರೆ ರಕ್ತಕಣಗಳೇ ಸಕ್ಕರೆ ತಿಂದು, ಗಂಟೆಗೆ ಶೇ. 5ರಿಂದ 7ರಷ್ಟು ಕಡಿಮೆ ತೋರಿಸುತ್ತದೆ. ಸೀರಮ್ (ರಕ್ತದ ತಿಳಿ) ಟ್ಯೂಬನ್ನು 30 ನಿಮಿಷ ಹೆಪ್ಪುಗಟ್ಟಲು ಬಿಟ್ಟು, ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ. ಸಾಗಿಸುವಾಗ ಟ್ಯೂಬಿಗೆ ಐಸ್ ಪ್ಯಾಕ್ ನೇರವಾಗಿ ತಾಗಿದರೆ ರಕ್ತಕಣ ಒಡೆದು ಪೊಟ್ಯಾಸಿಯಂ ಸುಳ್ಳೇ ಏರುತ್ತದೆ.

ಆಮೇಲೆ ತಿಂಡಿ, ಅರ್ಧ ಗಂಟೆ ವಿಶ್ರಾಂತಿ. ಬಿ.ಪಿ.ಯನ್ನು ಮಲಗಿಸಿ 5 ನಿಮಿಷ ಆದಮೇಲೆ ಒಮ್ಮೆ, ನಿಂತ ಮೇಲೆ 1 ಮತ್ತು 3ನೇ ನಿಮಿಷಕ್ಕೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅವರನ್ನು ನಡಿಗೆ ಪರೀಕ್ಷೆಗೆ ಒಂಟಿಯಾಗಿ ಬಿಡಬೇಡಿ.

ಕಿವಿ, ಕಣ್ಣು ನೆನಪಿಗಿಂತ ಮೊದಲು. ಇದರಲ್ಲಿ ರಾಜಿಯೇ ಇಲ್ಲ. ಕಿವಿಯಲ್ಲಿ ಗುಗ್ಗೆ ಕಟ್ಟಿಕೊಂಡ ಅಜ್ಜನಿಗೆ ಹತ್ತು ಪದ ಓದಿ ಹೇಳಿದರೆ ನಾಲ್ಕೇ ಕೇಳಿಸುತ್ತದೆ, ನೀವು ಅದನ್ನು ಮರೆವು ಅಂತ ಬರೆದುಕೊಳ್ಳುತ್ತೀರಿ. ಕಿವಿ ಎಷ್ಟು ಕೇಳಿಸುತ್ತದೆಂದು ಅಳೆಯುವ ಆಡಿಯೋಮೀಟರ್ ಇಡುವ ಕೋಣೆ ದೇವಸ್ಥಾನದ ಮೈಕಿನಿಂದ ದೂರವಿರಲಿ. ಶಾಲೆಯ ಗೋಡೆ ಅದನ್ನು ತಡೆಯುವುದಿಲ್ಲ.

ಸ್ಲೇಟುಬಳಪ
ನೆನಪಿನ ವಿಚಾರ ನಾನು ಹೇಳುತ್ತೇನೆ. ನೆನಪು, ಬುದ್ಧಿ ಅಳೆಯುವ ಇಂಗ್ಲಿಷ್ ಪ್ರಶ್ನಾವಳಿ ಎಂಎಂಎಸ್‌ಇಯನ್ನು ಅನುವಾದಿಸಿ ಹಾಗೇ ಬಳಸಬೇಡಿ. ಪೆನ್ಸಿಲ್ಲೇ ಹಿಡಿಯದವರ ಕೈಲಿ ಪಂಚಕೋನ ಬರೆಸಿದರೆ ಅಳೆದಂತಾಗುವುದು ಶಾಲೆಯ ವರ್ಷಗಳನ್ನು, ಮಿದುಳನ್ನಲ್ಲ. ಓದು ಬಾರದವರಿಗೆಂದೇ ಹರಿಯಾಣದ ಬಲ್ಲಭಗಢದಲ್ಲಿ ರೂಪುಗೊಂಡ, ಅದರದೇ ಹಿಂದಿ ರೂಪವಾದ ಎಚ್‌ಎಂಎಸ್‌ಇಯ ದಾರಿ ಹಿಡಿಯಿರಿ. 'ಇದು ಎಷ್ಟನೇ ಮಹಡಿ' ಎಂಬ ಪ್ರಶ್ನೆಗೆ ಹಟ್ಟಿಯಲ್ಲಿ ಅರ್ಥವಿಲ್ಲ, ಊರು, ಹೋಬಳಿ, ತಾಲ್ಲೂಕು ಕೇಳಿ. ತಾರೀಖು ತಪ್ಪಿದವರು ಅಮಾವಾಸ್ಯೆ ಹೋಗಿ ಎಷ್ಟು ದಿನವಾಯಿತೆಂದು ಕರಾರುವಾಕ್ಕಾಗಿ ಹೇಳುತ್ತಾರೆ. ಯಾವ ಉತ್ತರಕ್ಕೆ ಅಂಕ ಎಂಬುದನ್ನು ಮೊದಲೇ ಬರೆದಿಡಿ. ಸೊಸೆ ಪಕ್ಕದಲ್ಲಿ ಕೂತರೆ ಉತ್ತರ ಅವಳದೇ ಬರುತ್ತದೆ, ಆಚೆ ಕಳಿಸಿ. ಖಿನ್ನತೆ, ಮನೆಯವರ ನಡವಳಿಕೆಯ ಪ್ರಶ್ನೆಗಳಿಗಂತೂ ಮಗ ಎದುರಿಗಿರಲೇಕೂಡದು.

ಆಧಾರ್ ಸಾಲದು. ಜನವರಿ 1 ಎಂದಿದ್ದರೆ ಹೆಚ್ಚಾಗಿ ಯಾರೋ ಅಂದಾಜಿನಲ್ಲಿ ತುಂಬಿದ್ದು. 'ಆಗ ನಿಮಗೆಷ್ಟು ವಯಸ್ಸು' ಎಂದು ಕೇಳಲು ಘಟನೆಗಳ ಪಟ್ಟಿ ಮಾಡಿಕೊಳ್ಳಿ: 1964ರಲ್ಲಿ ನೆಹರು ತೀರಿಕೊಂಡದ್ದು, 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದದ್ದು, 1974ರಲ್ಲಿ ಜಯಚಾಮರಾಜ ಒಡೆಯರ್ ತೀರಿಕೊಂಡದ್ದು, 1975ರ ಎಮರ್ಜೆನ್ಸಿ. ಹೆಂಗಸರಿಗೆ, 1984ರಲ್ಲಿ ಇಂದಿರಾ ಗಾಂಧಿ ಸತ್ತಾಗ ದೊಡ್ಡ ಮಗು ಎಷ್ಟು ದೊಡ್ಡದಿತ್ತು ಎಂದು ಕೇಳಿದರೆ ಲೆಕ್ಕ ಚೆನ್ನಾಗಿ ಕೂರುತ್ತದೆ. ಹುಟ್ಟಿದಾಗಿನ ದಾಖಲೆಯ ಬೆಲೆ ತಿಳಿಯಬೇಕಾದರೆ ಮೈಸೂರಿನ ಮಿಷನ್ ಆಸ್ಪತ್ರೆ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನೇ ನೋಡಿ. 1934ರಿಂದ 1966ರವರೆಗೆ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ಪುಸ್ತಕಗಳು ಉಳಿದಿದ್ದಕ್ಕೇ, ಅವರನ್ನು ಹುಡುಕಿ ಇಳಿವಯಸ್ಸಿನ ನೆನಪು, ಹೃದಯ, ಸಕ್ಕರೆಯ ಅಧ್ಯಯನ ಸಾಧ್ಯವಾಯಿತು.

ಮೊಣಕಾಲುಚಿಪ್ಪು
ಹಿಡಿತದ ಬಲಕ್ಕೆ: ಕೂರಿಸಿ, ಮೊಣಕೈ 90 ಡಿಗ್ರಿ, ಜಾಮರ್ (ಹಿಡಿತದ ಬಲ ಅಳೆಯುವ ಉಪಕರಣ) ಹಿಡಿಯ ಎರಡನೇ ಸ್ಥಾನ, ಎರಡೂ ಕೈಗೆ ಮೂರು ಮೂರು ಸಲ, ಹೆಚ್ಚಿನದನ್ನು ಬರೆದುಕೊಳ್ಳಿ. ಇಳಿವಯಸ್ಸಿನಲ್ಲಿ ಸ್ನಾಯು ಕರಗುವುದರ ಬಗ್ಗೆ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಮಾನದಂಡದಂತೆ ಗಂಡಸರಿಗೆ 28 ಕೆ.ಜಿ., ಹೆಂಗಸರಿಗೆ 18 ಕೆ.ಜಿ.ಗಿಂತ ಕಡಿಮೆಯಿದ್ದರೆ ದುರ್ಬಲ.

ನಡಿಗೆ 6 ಮೀಟರ್, ಸೆಕೆಂಡಿಗೆ 1 ಮೀಟರ್‌ಗಿಂತ ಕಡಿಮೆ ಬಂದರೆ ನಿಧಾನ. ಅಳತೆಯ ಗೆರೆಗೆ ಹಿಂದೆ ಮುಂದೆ ಒಂದೊಂದು ಮೀಟರ್ ಜಾಗ ಬಿಡಿ, ಇಲ್ಲವಾದರೆ ಹೊರಡುವ, ನಿಲ್ಲುವ ನಿಧಾನವೂ ಲೆಕ್ಕಕ್ಕೆ ಬೀಳುತ್ತದೆ. 'ಬೇಗ ನಡೀರಿ' ಅನ್ನಬೇಡಿ, 'ಅಂಗಡಿಗೆ ಹೋಗೋ ಥರ ನಡೀರಿ' ಅನ್ನಿ. ಹವಾಯಿ ಚಪ್ಪಲಿಯೋ ಬರಿಗಾಲೋ, ಎಲ್ಲರಿಗೂ ಒಂದೇ ಇರಲಿ, ಮುಂದೆ ಮತ್ತೆ ಅಳೆಯುವಾಗಲೂ ಅದೇ.

ಐದು ಸಲ ಕುರ್ಚಿಯಿಂದ ಏಳುವುದಕ್ಕೆ ಪ್ಲಾಸ್ಟಿಕ್ ಕುರ್ಚಿ ತರಬೇಡಿ, ಕಾಲು ಬಾಗುತ್ತದೆ, ಜಾರುತ್ತದೆ. ಕೈಯಿಲ್ಲದ ಮರದ ಕುರ್ಚಿಯನ್ನು ಗೋಡೆಗೆ ಆನಿಸಿ. 12 ಸೆಕೆಂಡ್ ಮುಟ್ಟಿದರೆ ನಿಧಾನವೆಂದೇ ಲೆಕ್ಕ. ಬೆನ್ನು ಬಾಗಿದವರ ಎತ್ತರ ಕಡಿಮೆ ಬಂದು ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ) ಸುಮ್ಮನೆ ಏರುತ್ತದೆ, ಜೊತೆಗೆ ಮೀನಖಂಡದ ಸುತ್ತಳತೆಯನ್ನೂ ತೆಗೆಯಿರಿ. ಗಂಡಸರಿಗೆ 34, ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆಯಾದರೆ ಸ್ನಾಯು ಕರಗಿರುವ ಸಂದೇಹ.

ಕೆರೆಏರಿ
ಉಪಕಾರವಾಯಿತು. ಊಟದ ಲೆಕ್ಕಕ್ಕೆ 'ನಿನ್ನೆ ಎಷ್ಟು ಮುದ್ದೆ' ಎಂದು ಕೇಳಿದರೆ ಸಾಕಲ್ಲವೇ?

ಪಾವುಸೇರು
ಸಾಲದು! ಒಂದು ಮನೆಯ ಮುದ್ದೆ ಇನ್ನೊಂದು ಮನೆಯ ಮುದ್ದೆಯಷ್ಟು ಇರುವುದಿಲ್ಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಹಿಟ್ಟನ್ನು ತೂಗಿ, ಕಟ್ಟಿದ ಮುದ್ದೆಯನ್ನೆಲ್ಲ ತೂಗಿ, ಪಾಲು ಹಾಕಿ. 600 ಗ್ರಾಂ ಹಿಟ್ಟಿಗೆ 1,700 ಗ್ರಾಂ ಮುದ್ದೆಯಾಗಿ, ಅಜ್ಜಿ 280 ಗ್ರಾಂ ತಿಂದರೆ ಹಿಟ್ಟು ಸುಮಾರು 99 ಗ್ರಾಂ. ರಾಗಿಯಲ್ಲಿ 100 ಗ್ರಾಂಗೆ 364 ಮಿ.ಗ್ರಾಂ ಕ್ಯಾಲ್ಸಿಯಂ. ಮುದ್ದೆಯ ತೂಕವನ್ನೇ ಹಿಟ್ಟೆಂದು ತುಂಬಿದರೆ ಆ ಅಜ್ಜಿಯ ಕ್ಯಾಲ್ಸಿಯಂ ಲೆಕ್ಕ ಸಾವಿರ ಮಿ.ಗ್ರಾಂ ದಾಟುತ್ತದೆ. ಎಲೆಅಡಿಕೆಯ ಸುಣ್ಣವನ್ನೂ ಬರೆದುಕೊಳ್ಳಿ, ಅದರಲ್ಲೂ ಕ್ಯಾಲ್ಸಿಯಂ ಇದೆ, ಎಲ್ಲರೂ ಬಿಡುವುದು ಅದನ್ನೇ.

ಇನ್ನೊಂದು ಮಾತು, ಶಿಬಿರದ ಬಗ್ಗೆ. ಶಾಲೆಗೆ ನಡೆದು ಬರುವವರು ಗಟ್ಟಿಮುಟ್ಟಾದವರು, ಹಾಸಿಗೆ ಹಿಡಿದವರು ಬರುವುದಿಲ್ಲ. ಕಬ್ಬು ಕಡಿಯುವ ಕಾಲದಲ್ಲಾದರೆ ಗಟ್ಟಿಯಾದವರೂ ಗದ್ದೆಯಲ್ಲಿ. ಮನೆಮನೆ ಪಟ್ಟಿ ಮೊದಲು ಮಾಡಿ, ಅದರಿಂದ ಹೆಸರು ಆರಿಸಿ, ಸಿಗದಿದ್ದರೆ ಬೇರೆ ಬೇರೆ ಹೊತ್ತಿಗೆ ಮೂರು ಸಲ ಹೋಗಿ, ಏಳಲಾಗದವರನ್ನು ಮನೆಯಲ್ಲೇ ಅಳೆಯಿರಿ. ಸಹಿ ಬಾರದವರ ಹೆಬ್ಬೆಟ್ಟಿಗೆ ನಿಮ್ಮ ತಂಡದವರಲ್ಲದ ಸಾಕ್ಷಿ ಬೇಕು. ಪಿಂಚಣಿಗೂ ಇದಕ್ಕೂ ಸಂಬಂಧವಿಲ್ಲವೆಂದು ಮೊದಲ ಮಾತಿಗೇ ಹೇಳಿಬಿಡಿ. ಎರಡು ವರ್ಷ ಬಿಟ್ಟು ಮತ್ತೆ ಹೋದಾಗ ಅವ್ವ ಇನ್ನೊಬ್ಬ ಮಗನ ಸರದಿಯಲ್ಲಿ ಮೈಸೂರಿನಲ್ಲಿರುತ್ತಾಳೆ, ಹಾಗಾಗಿ ಮಕ್ಕಳೆಲ್ಲರ ಫೋನ್ ನಂಬರ್ ಮೊದಲ ದಿನವೇ ತೆಗೆದುಕೊಳ್ಳಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳದ್ದೂ ಸೇರಿ.