ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್: ಈ ಹಾಡು ನಿಜವಾಗಿ ಯಾರದು?

ಹಳೇ ಕ್ಯಾಸೆಟ್: ಬೀಟಲ್ಸ್ ಈ ಹಾಡಿನ ರೆಕಾರ್ಡಿಂಗ್ ಶುರು ಮಾಡಿದ್ದು 1966ರ ನವೆಂಬರ್ 24ರಂದು, ಲಂಡನ್ನಿನ ಅಬ್ಬೆ ರೋಡ್‌ನಲ್ಲಿದ್ದ ಇಎಂಐ ಸ್ಟುಡಿಯೋದಲ್ಲಿ. ಹಾಡು ಬರೆದು ಹಾಡಿದ ಜಾನ್ ಲೆನನ್‌ಗೆ 7ನೇ ಟೇಕ್‌ನ (ಟೇಕ್ ಅಂದರೆ ಒಂದು ಸಲದ ರೆಕಾರ್ಡಿಂಗ್) ಶುರು ಇಷ್ಟ, 26ನೇ ಟೇಕ್‌ನ ಕೊನೆ ಇಷ್ಟ. ಎರಡನ್ನೂ ಸೇರಿಸಿ ಅಂದ. ಶ್ರುತಿ ಬೇರೆ, ಲಯವೂ ಬೇರೆ. ಡಿಸೆಂಬರ್ 22ರಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಸೌಂಡ್ ಇಂಜಿನಿಯರ್ ಜೆಫ್ ಎಮೆರಿಕ್ ಟೇಪ್ ಕತ್ತರಿಸಿ ಅಂಟಿಸಿದರು. ಹಾಡು ಅವರಿಬ್ಬರದು.

ಮಿಕ್ಸಿಂಗ್ ರೂಮ್: "ಹಾಡು ಅವರಿಬ್ಬರದು" ಅಂದರೆ? ಬಟ್ಟೆ ಹೊಲಿದ ದರ್ಜಿಯೇ ನೇಕಾರನಾ? ಡಿಸೆಂಬರ್ 8ರಂದು, 26ನೇ ಟೇಕ್ ಸೇರಿರುವ ಎರಡನೇ ರೂಪ ಶುರುವಾದಾಗ ಅವರಿಬ್ಬರೂ ಸ್ಟುಡಿಯೋದಲ್ಲೇ ಇರಲಿಲ್ಲ. ಕ್ಲಿಫ್ ರಿಚರ್ಡ್ ಸಿನಿಮಾದ ಮೊದಲ ಪ್ರದರ್ಶನಕ್ಕೆ ಹೋಗಿದ್ದರು. ಬೀಟಲ್ಸ್‌ನ ಹಳೇ ಟೇಕ್‌ಗಳಿರುವ ಆಲ್ಬಮ್ ಆಂಥಾಲಜಿ 2ರಲ್ಲಿ ಮೊದಲ ಟೇಕ್ ಕೇಳಿ. ಟ್ರಂಪೆಟ್ ಇಲ್ಲ, ಚೆಲ್ಲೋ ಇಲ್ಲ. ಆದರೂ ಮೈ ಜುಮ್ ಅನ್ನುತ್ತದೆ.

ಹಳೇ ಕ್ಯಾಸೆಟ್: "ಟ್ರಂಪೆಟ್ ಇಲ್ಲ" ಅಂತ ನೀವೇ ಹೇಳಿದಿರಿ. ನಾಲ್ಕು ಟ್ರಂಪೆಟ್, ಮೂರು ಚೆಲ್ಲೋಗೆ ಸ್ವರ ಬರೆದವರು ಮಾರ್ಟಿನ್ ಅಲ್ವಾ? ಬೀಟಲ್ಸ್ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ನುಡಿಸಿದ ಸಿತಾರ್ ಜೊತೆ ಅದು ಎಷ್ಟು ಚೆನ್ನಾಗಿ ಕೂತಿದೆ!

ಸ್ವರಸುಮ: ಸಿತಾರ್ ಅಲ್ಲ ಸ್ವಾಮಿ, ಸ್ವರಮಂಡಲ! ಖಯಾಲ್ ಹಾಡುವವರು ಮಡಿಲಲ್ಲಿ ಇಟ್ಟುಕೊಂಡು ಬೆರಳಲ್ಲಿ ಸವರುತ್ತಾರಲ್ಲ, ಅದೇ. ಪಲ್ಲವಿ ಮುಗಿಯುವಾಗ ಝಲ್ಲನೆ ಸ್ವರಗಳು ಕೆಳಗಿಳಿಯುತ್ತವೆ. ಸಿತಾರ್‌ನಲ್ಲಿ ಹಾಗೆ ಬರುವುದೇ ಇಲ್ಲ.

ಹಳೇ ಕ್ಯಾಸೆಟ್: "ಬರುವುದೇ ಇಲ್ಲ" ಅನ್ನೋದು ತಪ್ಪು. ಸಿತಾರ್‌ನ ತರಬ್ ತಂತಿಗಳನ್ನು (ಮುಖ್ಯ ತಂತಿಗಳ ಕೆಳಗೆ ತಾವಾಗಿ ಅನುರಣಿಸುವ ತಂತಿಗಳು) ಒಮ್ಮೆ ಸವರಿ ನೋಡಿ.

ಸ್ವರಸುಮ: ತರಬ್ ಕಥೆ ಯಾಕೆ ಈಗ? ಡಿಸೆಂಬರ್ 9ರಂದು ಹ್ಯಾರಿಸನ್ ನುಡಿಸಿದ್ದು ಸ್ವರಮಂಡಲ. ಬೀಟಲ್ಸ್ ಇತಿಹಾಸಕಾರ ಮಾರ್ಕ್ ಲೂಯಿಸನ್ ಸ್ಟುಡಿಯೋದ ಟೇಪ್‌ಗಳನ್ನೇ ಕೇಳಿ ಬರೆದಿದ್ದಾರೆ. ನಮ್ಮ ವಾದ್ಯದ ಹೆಸರು ನಾವೇ ತಪ್ಪು ಹೇಳಿದರೆ ಹೇಗೆ?

ಗಡಿಬಿಡಿ ಗಣಪ: "ನಮ್ಮ ವಾದ್ಯ" ಅಂತ ಸುಮ್ನೆ ಬೀಗಬೇಡಿ. ರಾಗ ಯಾವುದು ಹೇಳಿ ನೋಡೋಣ. ನಾಲ್ಕು ಸಲ ಝಲ್ ಅಂದರೆ ಹಿಂದೂಸ್ತಾನಿ ಆಗುತ್ತದಾ?

ಸ್ವರಸುಮ: ಹಿಂದೂಸ್ತಾನಿ ಅಂತ ನಾನೆಲ್ಲಿ ಹೇಳಿದೆ? ಸರಿಯಾಗಿ ಓದಿ ಆಮೇಲೆ ಬರೆಯಿರಿ!

ಮಿಕ್ಸಿಂಗ್ ರೂಮ್: ಇನ್ನೊಂದು ವಿಷಯ. ಅಂಟಿಸುವಾಗ 26ನೇ ಟೇಕ್ ಅನ್ನು ನಿಧಾನ ಮಾಡಿದರು. ಟೇಪ್ ನಿಧಾನ ಆದರೆ ಲಯದ ಜೊತೆ ಶ್ರುತಿಯೂ ಇಳಿಯುತ್ತದೆ. ನಿಮ್ಮ ಸ್ವರಮಂಡಲ ಇರುವುದೂ ಅದೇ ಟೇಕ್‌ನಲ್ಲಿ. ಹ್ಯಾರಿಸನ್ ನುಡಿಸಿದ ಶ್ರುತಿ ಹಾಡಿನಲ್ಲಿ ಇಲ್ಲವೇ ಇಲ್ಲ.

ಸ್ವರಸುಮ: "ಇಲ್ಲವೇ ಇಲ್ಲ" ಅಂದರೆ ಲೆನನ್ ದನಿಯೂ ಇಲ್ಲ ಅನ್ನಿ! ಹೆಡ್‌ಫೋನ್ ಹಾಕಿಕೊಂಡು ಕೇಳಿ. ಒಂದನೇ ನಿಮಿಷಕ್ಕೆ ಸರಿಯಾಗಿ ದನಿ ದಪ್ಪ ಆಗುತ್ತದೆ, ನಿದ್ದೆಗಣ್ಣಲ್ಲಿ ಮಾತಾಡಿದ ಹಾಗೆ. ಹಾಡಿನ ಜೀವ ಇರುವುದೇ ಅಲ್ಲಿ.

ಹಳೇ ಕ್ಯಾಸೆಟ್: ಆ ದನಿ ದಪ್ಪ ಮಾಡಿದ್ದು ಯಾರು? ಮಾರ್ಟಿನ್, ಎಮೆರಿಕ್. ಸುತ್ತಿ ಬಳಸಿ ನನ್ನ ಮಾತಿಗೇ ಬಂದಿರಿ.

ಸ್ವರಸುಮ: ಬಂದಿಲ್ಲ. ಮೊದಲು ಮೇಲಿನ ಸಿತಾರ್ ತಿದ್ದಿ.

ಹಳೇ ಕ್ಯಾಸೆಟ್: "ತಂತಿವಾದ್ಯ" ಅಂತ ಬದಲಾಯಿಸುತ್ತೇನೆ. ಸಾಕಾ?

ಸ್ವರಸುಮ: ಸಾಲದು. ಹೆಸರು ಬರೆಯಿರಿ.